ಬರ್ತೀನಿ ಅಂದ್ರ ಯಾವಾಗ?

ಕರುಣಮ್ಮನ ಮನೆಯಿಂದ ಸುಮ್ಮನೆ ಎದ್ದು ಬರುವಂತಿರಲಿಲ್ಲ. ಚಹಾ ಕುಡಿದು, ಚಪ್ಪಲಿ ಮೆಟ್ಟುತ್ತಾ ಎಲ್ಲರೂ ಅನ್ನುವ ಹಾಗೆ ‘ಬರ್ತೀನಿ’ ಅಂದರೆ ಸಾಕು, ಒಳಗಿನಿಂದ ಪ್ರಶ್ನೆ ಬರುತ್ತಿತ್ತು: “ಯಾವಾಗ?” ತೆಲುಗಿನವರು ಹೋಗಿ ಬರ್ತೀನಿ ಅನ್ನಲು ‘ಪೋಯೊಸ್ತ’ ಅಂದರೆ ಅವರದೇ ಮಾತಿನಲ್ಲಿ “ಎಪ್ಪುಡು?” ಹಾಲಿನವನನ್ನೂ ಬಿಡುತ್ತಿರಲಿಲ್ಲ, ಪಾದ್ರಿಯವರನ್ನೂ ಬಿಡುತ್ತಿರಲಿಲ್ಲ. ತಾನು ಮಾತ್ರ ಯಾರ ಮನೆಯಿಂದ ಹೊರಟರೂ “ಹೋಗ್ತೀನ್ರಿ” ಅನ್ನುತ್ತಿದ್ದಳು. ಗದ್ವಾಲಿನ ಅವಳ ಓಣಿಯ ಹೆಂಗಸರು ಗದರುತ್ತಿದ್ದರು.

“ಏ ಸಿಸ್ಟರಮ್ಮ, ದೀಪ ಹಚ್ಚೋ ಹೊತ್ತಿನಾಗ ಎಂಥಾ ಮಾತರೀ! ಬರ್ತೀನಿ ಅನ್ರಿ!”

“ಬರೋದಿದ್ರ ಅಂತೀನವ್ವ.”

ಮೊದಲು ಅವಳು ಹೀಗಿರಲಿಲ್ಲ. ನಾವಿಬ್ಬರೂ ನಾರಾಯಣಪೇಟೆಯ ಒಂದು ಮಿಷನ್ ಕಣ್ಣಾಸ್ಪತ್ರೆಯಲ್ಲಿ ನರ್ಸುಗಳಾಗಿದ್ದೆವು. ನಾನು ಮಕ್ತಲ್‌ನವಳು, ಆಪರೇಷನ್ ಥಿಯೇಟರು ನನ್ನ ಕೈಯಲ್ಲಿತ್ತು. ನಸುಕಿಗೆ ಏಳುವುದು, ಸ್ನಾನ, ವಿಭೂತಿ, ಆಮೇಲೆ ಥಿಯೇಟರಿನ ಸಾಮಾನು ಕುದಿಯಲು ಇಡುವುದು. ಈ ಕ್ರಮ ಇವತ್ತಿಗೂ ತಪ್ಪಿಲ್ಲ, ಕುದಿಸಲು ಸಾಮಾನಿಲ್ಲ ಅಷ್ಟೆ. ಕರುಣಮ್ಮನದು ವಾರ್ಡು. ಅಲ್ಲಿ ಶಿಸ್ತು ಕಡಿಮೆ, ನಗು ಹೆಚ್ಚು. ರೋಗಿಯ ಕೈ ಹಿಡಿದು ಥಿಯೇಟರಿನ ಬಾಗಿಲಿಗೆ ಕರೆತಂದವಳು ಒಳಗೂ ಬಂದುಬಿಡುತ್ತಿದ್ದಳು.

“ಕೈ ಬಿಟ್ರ ಹೆದರ್ತಾರಕ್ಕಾ.”

“ನಿನ್ನ ಕೈ ತೊಳಕೊಂಡೀಯೇನ?”

ಇಬ್ಬರೂ ನಿವೃತ್ತರಾದ ಮೇಲೆ ಅವಳ ಚರ್ಚಿನವರು ಎರಡು ವಾರದ ಕಣ್ಣಿನ ಶಿಬಿರಕ್ಕೆಂದು ಆಫ್ರಿಕಾದ ಮಲಾವಿಗೆ ಹೊರಟರು. ಕರುಣಮ್ಮ ಮಕ್ತಲ್‌ಗೆ ಬಂದು ಕೂತಳು.

“ಅಕ್ಕಾ, ಸಾಮಾನು ನೋಡ್ಕೊಳ್ಳೋರು ಯಾರೂ ಇಲ್ಲ. ನೀವು ಬರ್ರಿ.”

“ನಾ ಲಿಂಗ ಕಟ್ಟಿದಾಕಿ. ನಿಮ್ಮ ಪ್ರಾರ್ಥನಿ ನನಗ ಬರಂಗಿಲ್ಲ.”

“ಪ್ರಾರ್ಥನಿ ನಾ ನೋಡ್ಕೊಂತೀನಿ. ಕುದಿನೀರು ನೀವು ನೋಡ್ಕೊಳ್ರಿ. ದೇವ್ರಿಗೆ ಎರಡೂ ಬೇಕು.”

ಹೋದೆ.

ಅಲ್ಲಿ ಒಂದು ಹಳ್ಳಿಯ ಶಾಲೆಯೇ ನಮ್ಮ ಆಸ್ಪತ್ರೆ. ಎರಡೂ ಕಣ್ಣಿಗೆ ಪೊರೆ ಬಂದು ಏನೂ ಕಾಣದ ಒಬ್ಬ ಅಜ್ಜಿ ಕರುಣಮ್ಮನ ನಾರಾಯಣಪೇಟೆ ಸೀರೆಯ ಅಂಚು ಹಿಡಿದೇ ಸಾಲಿನಲ್ಲಿ ಬಂದಳು. ಯಾರು ಹತ್ತಿರ ಬಂದರೂ ಬಟ್ಟೆ ಸವರಿ ನೋಡುತ್ತಿದ್ದಳು. ಆ ಅಂಚು ಸಿಕ್ಕರೇ ಸಮಾಧಾನ. ಕಡೆಯ ದಿನ ಅವಳ ಒಂದು ಕಣ್ಣಿಗೆ ಆಪರೇಷನ್ ಆಯಿತು. ಕರುಣಮ್ಮ ಉದ್ದಕ್ಕೂ ಕೈ ಹಿಡಿದಿದ್ದಳು. ಇನ್ನೊಂದು ಕಣ್ಣನ್ನು ಮುಂದೆ ಬರುವ ಬೇರೆ ತಂಡ ಮಾಡಬೇಕಿತ್ತು. ಪಟ್ಟಿ ಬಿಚ್ಚುವ ಮೊದಲೇ ನಾವು ಹೊರಡಬೇಕಾಯಿತು. ಕರುಣಮ್ಮ ಅಜ್ಜಿಯ ಕೈ ಅದುಮಿ “ಬರ್ತೀನವ್ವ” ಅಂದಳು.

ನಮ್ಮ ಕಡೆ ಅದಕ್ಕೆ ಹೊರಟೆ ಎಂದೇ ಅರ್ಥ. ನಮ್ಮ ಡಾಕ್ಟರು ಅದನ್ನು ಇಂಗ್ಲಿಷಿಗೆ ತಂದರು, ಅಲ್ಲಿನ ಪಾದ್ರಿ ಅವರ ಭಾಷೆಗೆ. ಅಜ್ಜಿಯ ಕಿವಿಗೆ ಮುಟ್ಟುವಾಗ ಅದು ಕೊಟ್ಟ ಮಾತಾಗಿತ್ತು.

ಮುಂದಿನ ವರ್ಷ ಆ ಪಾದ್ರಿಯ ಫೋನು ಬಂತು. ಬೇರೆ ತಂಡ ಬಂದು ಹೋಯಿತು, ಅಜ್ಜಿ ಮೇಜಿನ ಮೇಲೆ ಮಲಗಲು ಒಪ್ಪಲಿಲ್ಲ. ಬರ್ತೀನಿ ಅಂದವಳು ಬರುತ್ತಾಳೆ, ಅವಳೇ ಕೈ ಹಿಡಿಯಲಿ ಅನ್ನುತ್ತಾಳೆ. ಈಗ ಆ ಕಣ್ಣು ನೋಯುತ್ತಿದೆ. ಹತ್ತಿರದ ಆಸ್ಪತ್ರೆಗೂ ಬರುತ್ತಿಲ್ಲ. ಕರುಣಮ್ಮ ಫೋನಿನಲ್ಲೇ ಬೇಡಿಕೊಂಡಳು, “ಮಾಡಿಸ್ಕೊ ನನ್ನವ್ವಾ, ನಾ ಬರಾಕ ತಡ ಆಗ್ತೈತಿ.” ತಡವಾದರೆ ಕಾಯುತ್ತೇನೆ ಎಂದು ಪಾದ್ರಿಯ ಬಾಯಲ್ಲಿ ಅಜ್ಜಿಯ ಉತ್ತರ ಬಂತು.

ಆ ವರ್ಷ ಚರ್ಚಿನ ತಂಡ ಬೇರೆ ದೇಶಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು. ಕರುಣಮ್ಮ ಹಿರಿಯರ ಮನೆಮನೆಗೆ ತಿರುಗಿದಳು. ನೀನು ಹಾಗೆಂದು ಮಾತು ಕೊಟ್ಟಿರಲಿಲ್ಲವಲ್ಲ ಎಂದರು. “ಕೊಟ್ಟಿಲ್ಲ ಅಂತ ಹೆಂಗ ಅನ್ಲಿ? ಬಾಯಿ ನಂದೇ ಅಲ್ಲೇನ್ರಿ?” ಕೊನೆಗೆ ಅವರೇ ಸೋತರು. ನಾವು ಮತ್ತೆ ಆ ಹಳ್ಳಿ ಮುಟ್ಟುವಷ್ಟರಲ್ಲಿ ಅಲ್ಲಿಯ ಮಳೆಗಾಲ ಕಳೆದಿತ್ತು.

ಅಜ್ಜಿ ಗುಣವಾದ ಕಣ್ಣಿನಿಂದ ನಮ್ಮನ್ನೆಲ್ಲ ನೋಡಿದಳು, ಗುರುತು ಹತ್ತಲಿಲ್ಲ. ಹತ್ತಿರ ಬಂದು ಸೀರೆಗಳನ್ನು ಸವರುತ್ತಾ ಕರುಣಮ್ಮನ ಅಂಚಿಗೆ ಬಂದು ನಿಂತಳು. “ಇದು ಕೆಂಪೇನು!” ಅಂದಳೆಂದು ಪಾದ್ರಿ ಹೇಳಿದರು. ಡಾಕ್ಟರು ಇನ್ನೊಂದು ಕಣ್ಣಿಗೆ ಬಹಳ ಹೊತ್ತು ಬ್ಯಾಟರಿ ಬಿಟ್ಟು ನೋಡಿ ಆರಿಸಿದರು. ಪೊರೆ ಬಲಿತು, ಒಳಗೆ ಒತ್ತಡ ಏರಿ, ನರ ಸತ್ತಿತ್ತು. ಅಜ್ಜಿಗೆ ಹೇಳಿದರು. ಅವಳು ಕರುಣಮ್ಮನ ಗಲ್ಲ ಮುಟ್ಟಿ ಒಂದೇ ಮಾತು ಅಂದಳು: “ಬಂದೆಯಲ್ಲ.”

ಕರುಣಮ್ಮ ಶಾಲೆಯ ಹಿಂದೆ ಹೋಗಿ ಕೂತಳು.

“ಅಕ್ಕಾ, ಒಂದು ರೂಢಿ ಮಾತಿಗೆ ಕಣ್ಣು ಹೋತಲ್ರಿ.”

“ಏಳು, ಸಾಲಿನಾಗ ಮಂದಿ ಕಾಯಾಕತ್ತಾರ” ಅಂದೆ. ಎದ್ದಳು. ಮುಖ ತೊಳೆದು, ಮುಂದಿನವರ ಕೈ ಹಿಡಿದಳು. ಹೊರಡುವ ದಿನ, ನಿಮ್ಮಲ್ಲಿ ಹೋಗುವವರು ಏನನ್ನುತ್ತಾರೆ ಎಂದು ಪಾದ್ರಿಯನ್ನು ಕೇಳಿ ಕಲಿತಳು. ತ್ಸಲಾನಿ ಬ್ವಿನೊ. ನೀವು ಚೆನ್ನಾಗಿ ಉಳಿಯಿರಿ ಎಂದರ್ಥ. ಅಜ್ಜಿಗೆ ಅಷ್ಟೇ ಹೇಳಿ ಗಾಡಿ ಹತ್ತಿದಳು. ‘ಯಾವಾಗ’ ಶುರುವಾದದ್ದು ಅಲ್ಲಿಂದ ಬಂದ ಮೇಲೆ.

ಹೋದ ವರ್ಷ ಅವಳು ಹಾಸಿಗೆ ಹಿಡಿದಳು. ಒಂದು ಭಾನುವಾರ ಗದ್ವಾಲಿಗೆ ಹೋಗಿ ತಲೆ ಬಾಚಿ, ಗಂಜಿ ಕುಡಿಸಿ ಎದ್ದೆ. ಬಾಯಿಗೆ ರೂಢಿಯ ಮಾತೇ ಬಂತು: “ಬರ್ತೀನವ್ವ.” ಹೊಸ್ತಿಲಲ್ಲಿ ನಿಂತು ಪ್ರಶ್ನೆಗೆ ಕಾದೆ. ಆಕೆ ಕೇಳಲಿಲ್ಲ.

“ತ್ಸಲಾನಿ ಬ್ವಿನೊ, ಅಕ್ಕಾ.”

“ಗುರುವಾರ,” ನಾನೇ ಹೇಳಿದೆ. “ಗುರುವಾರ ಬರ್ತೀನಿ.”

ಅವಳು ಹೋದಳೆಂದು ಮಂಗಳವಾರ ಫೋನು ಬಂತು. ಮಣ್ಣಿಗೆ ಹೋಗಿ ಬಂದೆ. ಗುರುವಾರ ಬೆಳಿಗ್ಗೆ ಮತ್ತೆ ಗದ್ವಾಲಿನ ಬಸ್ಸು ಹತ್ತಿದೆ. ಬಾಗಿಲು ತೆಗೆದ ಅವಳ ಸೊಸೆ ಗಾಬರಿಯಾದಳು.

“ಮೊನ್ನಿನೇ ಬಂದು ಹೋದ್ರಲ್ಲ ದೊಡ್ಡಮ್ಮಾ?”

“ಗುರುವಾರ ಅಂತ ಹೇಳಿದ್ದೆ” ಅಂದೆ.