ಬಿಳಿ ಕರಡಿಯ ಐಸ್ ಗಡ್ಡೆ

ಜೈತುನ್‌ಬಿ ಟೀಚರ್, ಆ ದಿನ ಐಸು ದಾರಿಯಲ್ಲಿ ಕರಗಿರಲಿಲ್ಲ. ನಾನೇ ಅದನ್ನು ಬೇರೆಯವರಿಗೆ ಮಾರಿದ್ದೆ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು — ಸಂತೆಯಲ್ಲಿ ಎಂಥವರನ್ನೂ ಮಾತಿನಲ್ಲಿ ಕಟ್ಟಿಹಾಕುತ್ತಿದ್ದ ಈ ಬಸಣ್ಣನಿಗೆ.

ಎಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದ ಐಸ್ ಗಡ್ಡೆಗಳನ್ನು ಯಲವಿಗಿ ಸ್ಟೇಷನ್ನಿನಲ್ಲಿ ಇಳಿಸಿಕೊಂಡು, ಭತ್ತದ ಹೊಟ್ಟಿನಲ್ಲಿ ಹೂತು, ಗೋಣಿಚೀಲ ಸುತ್ತಿ, ಟಾಂಗಾದಲ್ಲಿ ಸವಣೂರಿಗೆ ತರುತ್ತಿದ್ದೆ. ಬರಿಗೈಯಲ್ಲಿ ಕಟ್ಟಿದ ದಂಧೆ. ಒಂದು ಸಂಜೆ ಸಾಲೆ ಬಿಟ್ಟ ಕೂಡಲೇ ನೀವು ನನ್ನ ಹತ್ತಿರ ಬಂದು, ಬಿಳಿ ಕರಡಿಯ ಸಲುವಾಗಿ ಇಡೀ ಗಡ್ಡೆ ಬೇಕು ಅಂದಿರಿ. ನಮ್ಮ ಕಡೆ ಕರಡಿ ಅಂದರೆ ಬಾರಿಸುವ ವಾದ್ಯವೂ ಹೌದಲ್ಲ —

“ಕರಡಿಗೆ ಐಸ್ ಯಾಕ್ರಿ ಟೀಚರ್? ತೊಗಲು ಹಸಿಯಾಗಿ ದನೀನ ಬರೂದಿಲ್ಲ!”

“ಬಾರ್ಸೋ ಕರಡಿ ಅಲ್ಲೋ ಬಸಣ್ಣಾ, ಬದುಕೋ ಕರಡಿ!” ಎಂದು ನಕ್ಕಿರಿ.

ಉತ್ತರದ ತುದಿಯಲ್ಲಿ ಸಮುದ್ರವೇ ಹೆಪ್ಪುಗಟ್ಟುತ್ತದೆ, ಆ ಕರಡಿ ಅದರ ಮೇಲೆ ನಿಂತೇ ಬೇಟೆಯಾಡುತ್ತದೆ, ನಾವು ಸುಡುವ ಕಲ್ಲಿದ್ದಲು, ಎಣ್ಣೆಯ ಹೊಗೆಯಿಂದ ಭೂಮಿ ಬಿಸಿಯಾಗುತ್ತಾ ಹೋದರೆ ಅದಕ್ಕೆ ನಿಲ್ಲಲು ನೆಲೆಯೇ ಇರುವುದಿಲ್ಲ — ಎಲ್ಲ ಹೇಳಿದಿರಿ. ಬಿಳಿ ಸಾಬೂನು ಕೆತ್ತಿ ಮಾಡಿದ ಪುಟ್ಟ ಕರಡಿಯನ್ನು ತೋರಿಸಿದಿರಿ. ಗಡ್ಡೆಯ ಮೇಲೆ ಅದನ್ನು ನಿಲ್ಲಿಸಬೇಕು, ಕಾಲಡಿಯ ಐಸು ಕರಗುವುದನ್ನು ಮಕ್ಕಳು ಕಣ್ಣಾರೆ ನೋಡಬೇಕು. ಶನಿವಾರ ಮುಂಜಾನೆ ತರುತ್ತೇನೆಂದೆ.

ಅದೇ ಮುಂಜಾನೆ ಒಂದು ಮದುವೆ ಮನೆಯವರು ಶರಬತ್ತಿಗೆ ಐಸು ಕೇಳಿದರು. ಚೌಕಾಶಿಯನ್ನೇ ಮಾಡದ ಗಿರಾಕಿ... ನಿಮ್ಮ ಗಡ್ಡೆ ಅಲ್ಲಿಗೆ ಹೋಯಿತು. ನಿಮಗೆ ತಂದದ್ದು ಚೀಲದ ತುಂಬ ಹೊಟ್ಟು, ನಡುವೆ ಅಂಗೈಯಷ್ಟು ಚೂರು.

“ಬಿಸಲಿಗೆ ದಾರ್ಯಾಗ ಕರಗಿಬಿಟ್ಟೈತ್ರಿ,” ಅಂದೆ.

ನೀವು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಆ ಚೂರಿನ ಮೇಲೇ ಕರಡಿಯನ್ನಿಟ್ಟಿರಿ — ಮುಂಗಾಲಿಗಷ್ಟೇ ಜಾಗ ಸಿಕ್ಕಿತು.

“ನೋಡ್ರಿ ಮಕ್ಕಳಾ, ಯಲವಿಗಿಯಿಂದ ಇಲ್ಲಿಗೆ ಬರೂದ್ರಾಗ ಇಷ್ಟ ಉಳದೈತಿ. ಪಾಪ, ಇದು ಎಲ್ಲಿ ನಿಂದರಬೇಕು?”

ಒಬ್ಬ ಹುಡುಗಿ ಎದ್ದು ಬಂದು, ನೀರು ಚೆಲ್ಲದಂತೆ ಕೆಳಗೆ ಬೊಗಸೆ ಹಿಡಿದಳು. ನನ್ನ ಸುಳ್ಳನ್ನು ನೀವು ಪಾಠ ಮಾಡಿಬಿಟ್ಟಿರಿ.

ಅಷ್ಟಕ್ಕೇ ಮುಗಿದಿದ್ದರೆ — ಇಲ್ಲ. ಮರುತಿಂಗಳು ಹಾನಗಲ್ಲಿನಲ್ಲಿ ಶಿಕ್ಷಕರ ಸಭೆ. ನಾನು ಬಾಗಿಲಲ್ಲಿ ಐಸ್‌ಕ್ಯಾಂಡಿ ಗಾಡಿ ಹಚ್ಚಿದ್ದೆ. ಐಸು ದಾರಿಯಲ್ಲೇ ಕರಗಿದ್ದನ್ನು ಹೇಳಿ, ಇದೇ ಪಾಠವನ್ನು ಎಲ್ಲ ಸಾಲೆಗಳಲ್ಲೂ ಮಾಡಿರೆಂದು ನೀವು ಕೇಳಿಕೊಳ್ಳುತ್ತಿದ್ದಿರಿ. ಒಬ್ಬ ಮಾಸ್ತರು ಎದ್ದರು:

“ಹೊಟ್ಟಿನ್ಯಾಗ ಕಟ್ಟಿದ ಐಸು ಅಷ್ಟ ದೂರದ ಹಿರೇಕೆರೂರತನಕ ಹೋಗತೈತ್ರಿ, ಇಲ್ಲೇ ಸವಣೂರಿಗೆ ಬರೂದ್ರಾಗ ಹೆಂಗ ಕರಗತೈತಿ? ಐಸ ಸುಳ್ಳಾದ್ರ ಕರಡೀನೂ ಸುಳ್ಳ!”

ಸಭೆ ಹೋ ಎಂದು ನಕ್ಕಿತು. ನೀವು ಬಾಗಿಲ ಕಡೆ ಕೈ ಮಾಡಿದಿರಿ.

“ಬಸಣ್ಣ ಅದಾನಲ್ಲ, ಅವನ್ನ ಕೇಳ್ರಿ. ಅವ ಸುಳ್ಳು ಹೇಳೂದಿಲ್ಲ.”

ಕರಗಿತ್ತು ಅಂದರೆ ಐಸು ಕಟ್ಟಲು ಬಾರದವನಾಗುತ್ತೇನೆ. ಮಾರಿದೆ ಅಂದರೆ ಮೋಸಗಾರ. ಎರಡರ ನಡುವೆ ನನಗೆ ಲುಕ್ಸಾನಿಲ್ಲದ ಮಾತೊಂದನ್ನು ಆರಿಸಿದೆ.

“ನಂಗ ನೆನಪಿಲ್ರಿ.”

ಸಭೆಯ ಕಣ್ಣಿಗೆ ನೀವೇ ಸುಳ್ಳಾದಿರಿ. ಆದರೂ ಹೊರಗೆ ಬಂದಾಗ ನನ್ನನ್ನು ಬೈಯಲಿಲ್ಲ. ಸಾಬೂನಿನ ಕರಡಿಯನ್ನು ನನ್ನ ಗಾಡಿಯ ಮೇಲಿಟ್ಟು, “ಇಟ್ಕೊ ಬಸಣ್ಣಾ, ನಿನ್ನ ಹತ್ತರ ಥಂಡಿ ಇರತೈತಿ,” ಅಂದಿರಿ. ಆಮೇಲೆ ನೀವು ಎಲ್ಲಿಯೂ ಕರಡಿಯ ಪಾಠ ಮಾಡಲೇ ಇಲ್ಲವಂತೆ.

ಅಂದು ನೀವು ಹೇಳಿದ್ದನ್ನೇ ಈಗ ಟಿವಿಯಲ್ಲಿ ತೋರಿಸುತ್ತಾರೆ. ನಾನು ಎದ್ದು ಹೊರಗೆ ಹೋಗುತ್ತೇನೆ. ಅಂದು ಬೊಗಸೆ ಹಿಡಿದ ಆ ಹುಡುಗಿಯಂಥ ಎಷ್ಟು ಮಕ್ಕಳಿಗೆ ಈ ಮಾತು ತಲುಪದೆ ಹೋಯಿತೋ —

ಬರುವ ಶನಿವಾರ ಚಿಕ್ಕೇರೂರಿಗೆ, ನೀವೀಗ ಇರುವ ನಿಮ್ಮ ಮಗಳ ಮನೆಗೆ ಬರುತ್ತೇನೆ. ಓಣಿಯ ಮಕ್ಕಳನ್ನೆಲ್ಲ ಕೂಡಿಸಿರಿ. ಮೊದಲು ಅವರೆದುರು ಇದನ್ನೆಲ್ಲ ನಾನು ಹೇಳುತ್ತೇನೆ. ಆಮೇಲೆ, ಮನಸ್ಸಾದರೆ, ನೀವು ಪಾಠ ಮಾಡಿರಿ. ಕರಡಿ ನನ್ನ ಬಳಿಯೇ ಇದೆ. ಹಳದಿಯಾಗಿ ಬಿರುಕು ಬಿಟ್ಟಿದೆ, ಆದರೂ ನಿಲ್ಲುತ್ತದೆ. ಇಡೀ ಗಡ್ಡೆ ತರುತ್ತೇನೆ.

ಎಲ್ಲರಿಗೂ ಬುದ್ಧಿ ಹೇಳುವ ಚಟ ನನಗೆ, ನಿಮಗೂ ಒಂದು ಹೇಳುತ್ತೇನೆ ಟೀಚರ್ — ಈ ಸಲ ಹೊಟ್ಟು ಬಿಡಿಸಿ ನೋಡಿಯೇ ತೆಗೆದುಕೊಳ್ಳಿರಿ.