ಕರಡಿಗೆ ಬಿಟ್ಟೆ, ಲಿಂಗ ಬಿಡಲಿಲ್ಲ

ರಾಷ್ಟ್ರೀಯ ಶಾಲಾ ಫುಟ್‌ಬಾಲ್ ತಂಡದೊಂದಿಗೆ ಮಲೇಷ್ಯಾಕ್ಕೆ ಹೋದ ನಾನು ಮೊದಲ ಪಂದ್ಯದ ಅರ್ಧ ಆಟವನ್ನೇ ಕಳೆದುಕೊಂಡೆ. ಕಾರಣ, ನನ್ನ ಕೊರಳಲ್ಲಿದ್ದ ಇಷ್ಟಲಿಂಗ. ಕೊರಳಲ್ಲಿ ಏನೂ ಇರಕೂಡದು ಎಂದು ರೆಫರಿ ನನ್ನನ್ನು ಗೆರೆಯ ಹೊರಗೇ ನಿಲ್ಲಿಸಿದರು.

ತಂಡವನ್ನು ನೋಡಿಕೊಳ್ಳಲು ಜೊತೆಗೆ ಬಂದಿದ್ದ ಹುಮನಾಬಾದಿನ ಮೇಡಂ ಕಿವಿಯಲ್ಲಿ ಹೇಳಿದರು: “ತಗದು ಚೀಲದಾಗ ಇಡವ್ವ. ಇಲ್ಲಿ ಯಾರು ನೋಡಾಕತ್ತಾರ?”

“ನಾನ ನೋಡಾಕತ್ತೇನಲ್ರಿ ಮೇಡಂ,” ಎಂದೆ.

ದೀಕ್ಷೆಯಾದ ದಿನದಿಂದ ಮೈಯಿಂದ ಅಗಲಿಸದ ಲಿಂಗವದು. ನನ್ನ ಜಾಗದಲ್ಲಿ ಬೇರೊಬ್ಬಳು ಆಡತೊಡಗಿದಳು. ಹಾಗಂತ ಅಳುತ್ತ ಕೂರುವವಳು ನಾನಲ್ಲ. ಬಸವಕಲ್ಯಾಣದ ಸಂತೆಯಲ್ಲಿ ಅವ್ವನ ಜೊತೆ ತರಕಾರಿ ಮಾರಿ ಬೆಳೆದವಳು. ವಿರಾಮದಲ್ಲಿ ರೆಫರಿಯ ಎದುರು ನಿಂತು, ಬಂದಷ್ಟು ಇಂಗ್ಲಿಷಿನಲ್ಲಿ, ನಿಮಗೆ ಯಾವುದರ ಭಯ ಎಂದು ಕೇಳಿದೆ. ಲೋಹ ತಗುಲಿ ಯಾರಿಗಾದರೂ ಗಾಯವಾದೀತು, ದಾರಕ್ಕೆ ಯಾರದಾದರೂ ಕೈ ಸಿಕ್ಕೀತು ಎಂದರು. ಇಷ್ಟೇ ಆದರೆ ವ್ಯವಹಾರ ಕುದುರಿತು ಅಂದುಕೊಂಡೆ. ಲಿಂಗವಿಡುವ ಬೆಳ್ಳಿಯ ಕರಡಿಗೆ, ಅದನ್ನು ಕೊರಳಿಗೆ ಕಟ್ಟುವ ಶಿವದಾರ ಎರಡನ್ನೂ ಬಿಚ್ಚಿ ಚೀಲಕ್ಕೆ ಹಾಕಿದೆ. ಲಿಂಗವನ್ನು ಅಂಗೈಯಿಂದ ಇಳಿಸದೆಯೇ ಹತ್ತಿ ಬಟ್ಟೆಯಲ್ಲಿ ದಪ್ಪಗೆ ಸುತ್ತಿದೆ. ಮೇಡಂ ಅದನ್ನು ನನ್ನ ರಟ್ಟೆಗೆ ಬಿಗಿದು ಕಟ್ಟುತ್ತ, “ಭಾಳ ಗಟ್ಟಿ ಅದಿ ಬಿಡವ್ವ,” ಎಂದರು. ರೆಫರಿ ಹೆಬ್ಬೆರಳಿನಿಂದ ಒತ್ತಿ ನೋಡಿ ಆಗಲಿ ಎಂದು ತಲೆಯಾಡಿಸಿದರು. ಉಳಿದರ್ಧ ಪೂರ್ತಿ ಆಡಿದೆ. ಪಂದ್ಯ ಸೋತೆವು, ಅದರ ಬೇಸರ ಬೇರೆ.

ನೀವೂ ಇಂಥದೇನಾದರೂ ಧರಿಸಿ ಹೊರದೇಶಕ್ಕೆ ಆಡಲು ಹೋಗುವವರಾದರೆ ಪಂದ್ಯದ ಹಿಂದಿನ ದಿನವೇ ರೆಫರಿಯನ್ನು ಕಂಡು ಮಾತಾಡಿ. ಬೇಡ ಎಂದರೆ, ಯಾಕೆ ಬೇಡ ಎಂದು ಕೇಳಿ. ಅವರ ಕಾರಣಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬಿಡಿ, ಒಂದೆಳೆಯೂ ಹೆಚ್ಚು ಬೇಡ.