ಗಂಟೆ ಟಗರು ಮೊದಲು ಹತ್ತಿತು

ಮಾರಿಕಣಿವೆ ಅಣೆಕಟ್ಟು ತುಂಬಿ ಹಿನ್ನೀರು ನಮ್ಮ ಹೊಸದುರ್ಗದ ಕಡೆಗೂ ಏರಿದ ವರ್ಷವದು. ಹೊಳೆದಂಡೆಯ ದಿಬ್ಬದ ಮೇಲೆ ನಮ್ಮ ಸೋದರಮಾವನ ಕುರಿಹಟ್ಟಿ. ಜ್ವರ ಬಂದು ಮಾವ ಊರಲ್ಲಿ ಮಲಗಿದ್ದರು. ಬೆಳಗಾಗುವಷ್ಟರಲ್ಲಿ ದಿಬ್ಬ ನಡುಗಡ್ಡೆಯಾಗಿತ್ತು, ಹಿಂಡೆಲ್ಲ ಅಲ್ಲೇ ಸಿಕ್ಕಿಕೊಂಡಿತ್ತು.

ಜ್ವರದಲ್ಲೇ ಎದ್ದು ಬಂದ ಮಾವನೂ ನಾನೂ ಮೀನು ಹಿಡಿಯುವವನೊಬ್ಬನ ದುಂಡನೆಯ ತೆಪ್ಪ ಹತ್ತಿ ಹೊರಟೆವು. ವೇದಾವತಿ ಹೊಳೆ ಅಂದರೆ ನಮಗೆ ಮರಳು, ಜಾಲಿ ಗಿಡ, ಅಷ್ಟೇ. ಅವತ್ತು ಜಾಲಿಯ ತುದಿ ಮಾತ್ರ ಕಾಣುತ್ತಿತ್ತು. ತೆಪ್ಪ ಬುಟ್ಟಿಯ ಹಾಗೆ ತಿರುಗುತ್ತ ಹರಿವಿನ ಜೊತೆ ಇಳಿಯಿತು. ಮಾವ ಅದರ ಅಂಚನ್ನು ಬಿಡಲೇ ಇಲ್ಲ.

ದಿಬ್ಬ ತಲುಪಿದ್ದೇ ಅವರು ಗಂಟೆ ಕಟ್ಟಿದ ಟಗರನ್ನು ಎತ್ತಿ ತೆಪ್ಪದೊಳಗಿಟ್ಟರು.

"ಇದು ಭಾರ ಐತೆ ಯಜಮಾನ್ರೇ, ಮೊದ್ಲು ಮರಿಗಳ್ನ ಹತ್ತಿಸ್ರಿ," ಅಂದ ತೆಪ್ಪದವನು.

"ಏನಪ್ಪ ನೀನು! ನೀರಿಗಾಗ್ಲಿ ಮೇವಿಗಾಗ್ಲಿ ನಮ್ಮಲ್ಲಿ ಮೊದ್ಲು ಇವ್ನೇ. ಮೀನಿಗೆ ಹೇಳು ಹೋಗು ನಿನ್ನ ಲೆಕ್ಕ."

ತೆಪ್ಪ ದಡ ಬಿಟ್ಟಿತು, ಗಂಟೆ ಅಲುಗಿತು. ಅಷ್ಟೇ. ಗಂಟೆಯ ಹಿಂದೆ ನಡೆದೇ ಬೆಳೆದ ಕುರಿಗಳು ಒಂದರ ಹಿಂದೊಂದು ನೀರಿಗೆ ಹಾರಿದವು.

"ಲೇ, ತಿರುಗ್ಸು! ತಿರುಗ್ಸಲೇ!" ಮಾವ ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಅದುಮಿ ಹಿಡಿದು ಕೂಗಿದರು.

ಟಗರನ್ನು ಮತ್ತೆ ದಿಬ್ಬಕ್ಕೆ ಇಳಿಸಿದೆವು. ಈಜುತ್ತಿದ್ದ ಕುರಿಗಳು ಅದರತ್ತ ತಿರುಗಿದವು. ಎಲ್ಲವೂ ಅಲ್ಲ. ಕೆಲವು ಮರಿಗಳನ್ನು ಸೆಳವು ಜಾಲಿಗಳಾಚೆ ಎಳೆದೊಯ್ದಿತ್ತು.

"ಇವ್ನು ಇಲ್ಲಿರೋತಂಕ ಉಳಿದವು ನೀರಿಗೆ ಬೀಳಂಗಿಲ್ಲ. ನಾನು ಹಿಡ್ಕಂಡಿರ್ತೀನಿ, ನೀವು ಸಾಗಿಸ್ರಿ," ಅಂದರು ಮಾವ.

"ನೀರು ಏರ್ತಾ ಐತೆ ಮಾವ."

"ಏರ್ಲಿ."

ಸಾಗಿಸಿದೆವು. ಕೊನೆಯ ಸಲ ಹೋದಾಗ ಮಾವ ಮೊಣಕಾಲುದ್ದ ನೀರಲ್ಲಿ, ಟಗರಿನ ಕೊರಳು ತಬ್ಬಿ ನಿಂತಿದ್ದರು.

ಇಬ್ಬರನ್ನೂ ದಡ ಸೇರಿಸಿದಾಗ ಊರಿಂದ ಬಂದಿದ್ದ ಅತ್ತೆ ಹಿಂಡಿನೊಳಗೆ ಕೈಯಾಡಿಸಿ ಹುಡುಕುತ್ತಿದ್ದಳು. "ನನ್ ಕರೀಮರಿ ಎಲ್ಲಿ? ಬಾಟ್ಲೀಲಿ ಹಾಲು ಕುಡಿಸ್ತಿದ್ನಲ್ಲ, ಅದು?"

ಮಾವ ಟಗರಿನ ಕೊರಳಿಂದ ಗಂಟೆ ಬಿಚ್ಚಿ ನೀರಿಗೆಸೆಯಲು ಕೈ ಎತ್ತಿದರು. ಅತ್ತೆ ಆ ಕೈ ಹಿಡಿದಳು.

"ಬೇಡ. ಎಲ್ಲಾದ್ರೂ ಜಾಲಿಗೆ ಸಿಕ್ಕಂಡು ನಿಂತಿದ್ರೆ ಅದಕ್ಕೆ ಕೇಳ್ಬೇಕಲ್ಲ. ಬಾರ್ಸು."

ಬೇಲಿಗೆ ಟಗರನ್ನು ಬಿಗಿಯಾಗಿ ಕಟ್ಟಿ, ನೀರಿನ ಅಂಚಿನಲ್ಲಿ ನಿಂತು ಮಾವ ಹೊತ್ತು ಮುಳುಗುವವರೆಗೂ ಗಂಟೆ ಅಲ್ಲಾಡಿಸಿದರು. ಪ್ರತಿ ಸದ್ದಿಗೂ ಬೆನ್ನ ಹಿಂದೆ ಟಗರು ಹಗ್ಗ ಜಗ್ಗುತ್ತಿತ್ತು.